ಕನೂಗೆ (ಸಪೂರ ದೋಣಿ) ಹುಟ್ಟು: ಎಷ್ಟುದ್ದದ್ದು ತಗೋಬೇಕು, ಇಲ್ಲಾ ನಾನೇ ಮಾಡ್ಕೊಳ್ಲಾ?

ಗಂಗೊಳ್ಳಿ_ಹುಡುಗ:
ನಮಸ್ಕಾರ ಎಲ್ರಿಗೂ. ನಾನಿರೋದು ಕೆನಡಾದ ಒಂಟಾರಿಯೊದಲ್ಲಿ, ಹೋದ ಬೇಸಿಗೇಲಿ ಅಲ್ಗಾಂಕ್ವಿನ್ ಪಾರ್ಕಲ್ಲಿ ಮೂರು ದಿನ ಕನೂ ಟ್ರಿಪ್ ಮಾಡಿದ್ವಿ, ಬಾಡಿಗೆಗೆ ಸಿಕ್ಕಿದ ಹುಟ್ಟು ಅಲ್ಯೂಮಿನಿಯಂ ಕೋಲಿಗೆ ಪ್ಲಾಸ್ಟಿಕ್ ಬ್ಲೇಡ್ (ನೀರಿಗಿಳಿಯೋ ಚಪ್ಪಟೆ ಭಾಗ) ಇರೋದು, ನನಗೆ ಉದ್ದ ಜಾಸ್ತಿ, ಎರಡನೇ ದಿನಕ್ಕೇ ಭುಜ ಎತ್ತಕ್ಕಾಗ್ಲಿಲ್ಲ. ಈ ಸಲ ಮರದ್ದೇ ಸ್ವಂತಕ್ಕೆ ಬೇಕು. ಎತ್ತರ 5 ಅಡಿ 6 ಇಂಚು. ನಿಂತಾಗ ಗಲ್ಲದವರೆಗೆ ಬಂದ್ರೆ ಸರಿ ಅಂತಾರೆ, ಹೌದಾ? ಊರಲ್ಲಿ ನಮ್ಮಜ್ಜ ದೋಣಿಗೆ ಹುಟ್ಟು ಮನೇಲೇ ಕೆತ್ತುತಿದ್ರು, ಅದು ನೆನಪಾಗಿ ನಾನೂ ಮಾಡ್ಬೋದಾ ಅಂತ ಆಸೆ.

ಕೆರೆದಂಡೆ:
ನಿಂತು ಅಳೀಬೇಡಿ ಸರ್. ಕೂತು ಹುಟ್ಟು ಹಾಕೋದು, ಕಾಲಿನ ಉದ್ದ ಲೆಕ್ಕಕ್ಕೇ ಬರಲ್ಲ. ಗಟ್ಟಿ ಕುರ್ಚೀಲಿ ನೆಟ್ಟಗೆ ಕೂತು, ಹುಟ್ಟನ್ನ ತಲೆಕೆಳಗು ಮಾಡಿ ಹಿಡಿಕೆ ಕುರ್ಚಿಗೆ ತಾಗಿಸಿ, ಕೋಲು ಮುಗಿದು ಬ್ಲೇಡ್ ಶುರುವಾಗೋ ಜಾಗ ಗಲ್ಲಕ್ಕೂ ಮೂಗಿಗೂ ನಡುವೆ ಬರ್ಬೇಕು. ಒಟ್ಟು ಉದ್ದ ನಂಬ್ಕೊಂಡ್ರೆ ತಪ್ಪಾಗತ್ತೆ ಯಾಕಂದ್ರೆ ಬ್ಲೇಡೇ ಬೇರೆ ಬೇರೆ. ಆಟರ್‌ಟೇಲ್ ಅನ್ನೋ ಆಕಾರದ ಬ್ಲೇಡ್ ಉದ್ದ, ಸಪೂರ, ಆಳದ ಸರೋವರಕ್ಕೆ ತುಂಬಾ ಚೆನ್ನಾಗಿರತ್ತೆ, ನೀರೊಳಗೇ ಸದ್ದಿಲ್ದೆ ತಿರುಗಿಸ್ಬೋದು. ಬೀವರ್‌ಟೇಲ್ ಗಿಡ್ಡ, ಕೆಳಗೆ ಅಗಲ. ಕಲ್ಲಿರೋ ಕಡಿಮೆ ನೀರಿಗೆ ಆಟರ್‌ಟೇಲ್ ಬೇಡ್ವೇ ಬೇಡ, ತುದಿ ತಳಕ್ಕೆ ಬಡೀತಾನೇ ಇರತ್ತೆ.

ಕೀಸುಳಿ:
ಮಾಡಿ ಮಾರಾಯ್ರೆ, ಖಂಡಿತ ಆಗತ್ತೆ. ನಾನು ಮೂರು ಮಾಡಿದೀನಿ, ಮೊದಲ್ನೇದು ಕುತ್ತಿಗೆ ಹತ್ರ, ಅಂದ್ರೆ ಕೋಲು ಬ್ಲೇಡಿಗೆ ಸೇರೋ ಕಡೆ, ಮುರೀತು, ಹಲಗೇಲಿ ನಾರು ಓರೆಯಾಗಿ ಹೋಗಿದ್ದನ್ನ ನಾನು ನೋಡಿರ್ಲಿಲ್ಲ. ಅದಕ್ಕೆ ಹಲಗೆ ತಗೊಳ್ಳೋವಾಗ ಅಂಚು ಕಣ್ಣಿಗೆ ಹಿಡಿದು ನಾರಿನ ಗೆರೆ ಈ ತುದಿಯಿಂದ ಆ ತುದಿವರೆಗೆ ನೇರ ಹೋಗಿದ್ಯಾ, ಗಂಟು ಇದ್ಯಾ ನೋಡ್ಲೇಬೇಕು. ದಪ್ಪ ಒಂದೂಕಾಲು ಇಂಚು ಸಾಕು. ಮರದಲ್ಲಿ ಆಶ್ ಗಟ್ಟಿ ಆದ್ರೆ ಭಾರ, ಬಾಸ್‌ವುಡ್ ಹಗುರ ಆದ್ರೆ ಕಲ್ಲಿಗೆ ತಾಗಿದ್ರೆ ನುಜ್ಜಾಗತ್ತೆ, ನನಗೆ ಚೆರಿನೇ ಇಷ್ಟ. ಬ್ಲೇಡಿನ ಅಂಚಿಗೆ ಸುತ್ತಲೂ ನಡುಗೆರೆ ಎಳ್ಕೊಂಡು ಎರಡೂ ಕಡೆಯಿಂದ ಸ್ಪೋಕ್‌ಶೇವಲ್ಲಿ (ಎರಡು ಹಿಡಿಕೆಯ ಸಣ್ಣ ಕೀಸುಳಿ) ಹೆರೀತಾ ಬನ್ನಿ, ಅಂಚು ಕಾಲು ಇಂಚಿಗೆ ಬಂದ್ಮೇಲೆ ಮರಳು ಕಾಗದ. ಕೋಲು ಪೂರ್ತಿ ಗುಂಡಗೆ ಮಾಡ್ಬೇಡಿ, ಸ್ವಲ್ಪ ಮೊಟ್ಟೆ ಆಕಾರ ಇರ್ಲಿ, ಆಗ ಕತ್ತಲಲ್ಲೂ ಬ್ಲೇಡ್ ಯಾವ ಕಡೆ ತಿರುಗಿದೆ ಅಂತ ಕೈಗೇ ಗೊತ್ತಾಗತ್ತೆ. ಕೊನೇಲಿ ಒದ್ದೆ ಬಟ್ಟೇಲಿ ಒರೆಸಿ ಒಣಗಿಸಿ, ನಾರು ಮುಳ್ಳೆದ್ದಂಗೆ ಏಳತ್ತೆ, ಮತ್ತೆ ಉಜ್ಜಿ.

ಗಂಗೊಳ್ಳಿ_ಹುಡುಗ:
ಇಬ್ರಿಗೂ ಥ್ಯಾಂಕ್ಸ್. ಕೂತು ಅಳೆದೆ, ಕುರ್ಚಿಯಿಂದ 28 ಇಂಚು. ಚೆರಿ ಹಲಗೆ ನೋಡ್ಕೊಂಡ್ ಬಂದೆ, ಒಂದು ತುದೀಲಿ ಗೆರೆ ಸ್ವಲ್ಪ ಓರೆ ಇದೆ, ಉಳಿದಿದ್ದು ನೇರ. ತಗೊಳ್ಲಾ? ಮತ್ತೆ ವಾರ್ನಿಶ್ಶಾ ಎಣ್ಣೆನಾ?

ಕೀಸುಳಿ:
ಆ ತುದಿ ಕತ್ತರಿಸಿದ್ಮೇಲೂ 28 ಇಂಚು ಕೋಲು, 26ರ ಬ್ಲೇಡ್ ಎರಡೂ ಕೂತ್ರೆ ತಗೊಳ್ಳಿ, ಇಲ್ಲಾಂದ್ರೆ ಬಿಟ್ಬಿಡಿ. ಬ್ಲೇಡಿಗೆ ವಾರ್ನಿಶ್, ಕೈ ತಾಗೋ ಕಡೆಗೆಲ್ಲ ಅಗಸೆ ಎಣ್ಣೆ, ವಾರ್ನಿಶ್ ಮೇಲೆ ಕೈ ಜಾರಿ ಬೊಬ್ಬೆ ಬರತ್ತೆ. ಎಣ್ಣೆ ಒರೆಸಿದ ಬಟ್ಟೆ ಮಾತ್ರ ಮುದ್ದೆ ಮಾಡಿ ಎಸೀಬೇಡಿ, ತಾನಾಗೇ ಬೆಂಕಿ ಹತ್ಕೊಳ್ಳೋದುಂಟು, ಹೊರಗಡೆ ಹರಡಿ ಒಣಗಿಸಿ.