ಸ್ಟಿಲ್ ಲೈಫ್ ಅಭ್ಯಾಸ: ಕಪ್ಪು ಹಿನ್ನೆಲೆಯೂ ಬಿಳಿ ಹಿನ್ನೆಲೆಯೂ ಬೂದು ಬಣ್ಣಕ್ಕೆ ತಿರುಗುತ್ತಿವೆ

ಪ್ರಶ್ನೆ (ವಿದ್ಯಾರ್ಥಿ):

ಎಲ್ಲರಿಗೂ ನಮಸ್ಕಾರ. ನಾನು ಫೋಟೊಗ್ರಫಿ ಕಲಿಯುತ್ತಿದ್ದೇನೆ. ಅದದೇ ವಸ್ತುಗಳನ್ನು ಇಟ್ಟುಕೊಂಡು ಸ್ಟಿಲ್ ಲೈಫ್‌ನ (ನಿಶ್ಚಲ ವಸ್ತುಗಳ ಚಿತ್ರಣದ) ಬೇರೆ ಬೇರೆ ಶೈಲಿಗಳಲ್ಲಿ ಚಿತ್ರ ತೆಗೆಯುವ ಅಭ್ಯಾಸವನ್ನು ಈಗ ಕೈಗೆತ್ತಿಕೊಂಡಿದ್ದೇನೆ. ಹದಿನೇಳನೇ ಶತಮಾನದ ಡಚ್ ವರ್ಣಚಿತ್ರಗಳಲ್ಲಿರುವಂತೆ ಕಡುಗಪ್ಪಿನೊಳಗಿಂದ ವಸ್ತು ಮೂಡಿಬರುವುದು ಒಂದು. ಬಿಳಿಯ ಮೇಲೆ ಬಿಳಿಯಾಗಿ, ನೆರಳೇ ಇಲ್ಲವೆನ್ನುವಷ್ಟು ಹಗುರವಾಗಿ ಕಾಣುವ ಹೈ-ಕೀ ಇನ್ನೊಂದು. ವಸ್ತುಗಳನ್ನು ಹರಡಿ ನೇರವಾಗಿ ಮೇಲಿನಿಂದ ತೆಗೆಯುವ ಫ್ಲಾಟ್ ಲೇ ಮೂರನೆಯದು.

ಗೋಡೆಗೆ ತಾಗಿಸಿದ ಮೇಜಿನ ಮೇಲೆ ಒಂದು ಸೇಬು, ಹೊಳೆಯುವ ಲೋಹದ ಹೂಜಿ, ಗಾಜಿನ ಲೋಟ ಮತ್ತು ಮಡಿಕೆಬಿದ್ದ ಬಟ್ಟೆಯನ್ನು ಇಟ್ಟಿದ್ದೇನೆ. ಎಡಕ್ಕೆ ದೊಡ್ಡ ಕಿಟಕಿಯಿದೆ, ಕೋಣೆಯ ದೀಪವೂ ಉರಿಯುತ್ತಿರುತ್ತದೆ. ಫುಲ್ ಫ್ರೇಮ್ ಕ್ಯಾಮೆರಾ, 50 ಎಂಎಂ ಲೆನ್ಸ್, ಎಫ್/2.8 (ಲೆನ್ಸಿನ ದ್ವಾರದ ಅಳತೆ; ಅಂಕಿ ದೊಡ್ಡದಾದಷ್ಟೂ ದ್ವಾರ ಕಿರಿದು), ದ್ವಾರವನ್ನು ನಾನು ಆರಿಸಿ ಉಳಿದದ್ದನ್ನು ಕ್ಯಾಮೆರಾಕ್ಕೆ ಬಿಡುವ ಅಪರ್ಚರ್ ಪ್ರಿಯಾರಿಟಿ ಮೋಡ್. ಗೋಡೆಗೆ ಕಪ್ಪು ಹಾಳೆ ಅಂಟಿಸಿದರೆ ಅದು ಚಿತ್ರದಲ್ಲಿ ಬೂದು ಬಣ್ಣವಾಗಿ ಬರುತ್ತದೆ, ಬಿಳಿ ಹಾಳೆ ಅಂಟಿಸಿದರೆ ಅದೂ ಮಂಕಾದ ಬೂದು ಬಣ್ಣವಾಗಿಯೇ ಬರುತ್ತದೆ. ಸೇಬಿನ ಒಂದು ಬದಿ ನೀಲಿಯತ್ತಲೂ ಇನ್ನೊಂದು ಬದಿ ಹಳದಿಯತ್ತಲೂ ವಾಲುತ್ತದೆ. ಸಾಫ್ಟ್‌ವೇರ್‌ನಲ್ಲಿ ಕಾಂಟ್ರಾಸ್ಟ್ ಹೆಚ್ಚಿಸಿದರೆ ಹಿನ್ನೆಲೆ ಕಪ್ಪಾಗುತ್ತದೆಯಾದರೂ ಸೇಬಿನ ಮೈಯ ನಯವಾದ ಇಳಿತ ಹಾಳಾಗುತ್ತದೆ. ಎಲ್ಲಕ್ಕಿಂತ ಬೇಸರದ ಸಂಗತಿಯೆಂದರೆ, ಮೂರು ಶೈಲಿಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ಅವು ಒಂದೇ ಚಿತ್ರದ ಮೂರು ಪ್ರತಿಗಳಂತೆ ಕಾಣುತ್ತವೆ. ನಾನು ಒಳ್ಳೆಯ ಕಪ್ಪು ವೆಲ್ವೆಟ್ ಬಟ್ಟೆ ಅಥವಾ ಸ್ಟುಡಿಯೊ ದೀಪಗಳನ್ನು ಕೊಳ್ಳಬೇಕೆ? ದಯವಿಟ್ಟು ತಿಳಿಸಿಕೊಡಿ.

ಉತ್ತರ (ಮೊದಲ ಸದಸ್ಯರು):

ಈಗಲೇ ಏನನ್ನೂ ಕೊಳ್ಳಬೇಡಿ. ನೀವು ಮೂರೂ ಶೈಲಿಗಳಿಗೆ ಹಿನ್ನೆಲೆಯ ಹಾಳೆಯನ್ನು ಬದಲಿಸಿದ್ದೀರಿ, ಬೆಳಕನ್ನು ಬದಲಿಸಿಲ್ಲ. ವಸ್ತುವಿನ ಮೇಲೆ ಎಷ್ಟು ಬೆಳಕು ಬೀಳುತ್ತದೆ, ಅದರ ಹಿಂದೆ ಎಷ್ಟು ಬೀಳುತ್ತದೆ, ನೆರಳಿನ ಬದಿಗೆ ಎಷ್ಟು ಮರಳಿ ಬರುತ್ತದೆ ಎಂಬ ಮೂರು ಪ್ರಮಾಣಗಳೇ ಈ ಶೈಲಿಗಳನ್ನು ಒಂದರಿಂದೊಂದು ಬೇರ್ಪಡಿಸುತ್ತವೆ. ನಿಮ್ಮ ಮೇಜಿನ ಮೇಲೆ ಈ ಪ್ರಮಾಣಗಳು ಎಲ್ಲ ಚಿತ್ರಗಳಲ್ಲೂ ಒಂದೇ ಆಗಿವೆ. ಆದ್ದರಿಂದ ಚಿತ್ರಗಳೂ ಒಂದೇ ಆಗಿವೆ.

ಮೊದಲು ಮೀಟರ್‌ನ ವಿಷಯ. ಕ್ಯಾಮೆರಾದ ಮೀಟರ್ ತನ್ನೆದುರಿನ ದೃಶ್ಯ ಒಟ್ಟಾರೆ ಮಧ್ಯಮ ಬೂದು ಬಣ್ಣದ್ದು ಎಂದು ಎಣಿಸಿ, ಸೆನ್ಸರಿಗೆ ಎಷ್ಟು ಬೆಳಕು ಬೀಳಬೇಕೆಂಬುದನ್ನು, ಅಂದರೆ ಎಕ್ಸ್‌ಪೋಶರ್ ನಿರ್ಧರಿಸುತ್ತದೆ. ಚೌಕಟ್ಟಿನ ಬಹುಪಾಲು ಕಪ್ಪಿದ್ದರೆ ಅದನ್ನು ಬೂದು ಬಣ್ಣದವರೆಗೆ ಮೇಲೆತ್ತುತ್ತದೆ, ಬಹುಪಾಲು ಬಿಳಿಯಿದ್ದರೆ ಬೂದು ಬಣ್ಣದವರೆಗೆ ಕೆಳಗಿಳಿಸುತ್ತದೆ. ನೀವು ಹೇಳಿದ ಎರಡು ದೂರುಗಳೂ ಇದೊಂದೇ ಕಾರಣದಿಂದ ಹುಟ್ಟಿವೆ. ಮ್ಯಾನ್ಯುಯಲ್ ಮೋಡ್‌ಗೆ ಬನ್ನಿ. ಸೇಬಿನ ಬೆಳಗಿದ ಬದಿಯ ಪಕ್ಕದಲ್ಲಿ ಗ್ರೇ ಕಾರ್ಡ್ (ಮಧ್ಯಮ ಬೂದು ಬಣ್ಣದ ಕಾರ್ಡ್) ಹಿಡಿದು, ಚೌಕಟ್ಟಿನ ಒಂದು ಚಿಕ್ಕ ಭಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್‌ನಿಂದ ಅಳೆದು, ಆ ಎಕ್ಸ್‌ಪೋಶರನ್ನು ಸ್ಥಿರವಾಗಿಡಿ. ಹಿಂದೆ ಯಾವ ಬಣ್ಣದ ಹಾಳೆಯನ್ನಿಟ್ಟರೂ ಎಕ್ಸ್‌ಪೋಶರ್ ಅಲುಗಾಡಬಾರದು. ಕಾರ್ಡ್ ಇಲ್ಲದಿದ್ದರೆ ಅಪರ್ಚರ್ ಪ್ರಿಯಾರಿಟಿಯಲ್ಲೇ ಉಳಿದು, ಕಪ್ಪು ಹಿನ್ನೆಲೆಗೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕಿನ ಇಮ್ಮಡಿ ಅಥವಾ ಅರ್ಧ) ಇಳಿಸಿ, ಬಿಳಿ ಹಿನ್ನೆಲೆಗೆ ಅಷ್ಟೇ ಏರಿಸಿ, ಹಿಸ್ಟೋಗ್ರಾಂ (ಎಡ ತುದಿ ಕಪ್ಪು, ಬಲ ತುದಿ ಬಿಳಿಯಾಗಿರುವ ಹೊಳಪಿನ ನಕ್ಷೆ) ನೋಡಿಕೊಂಡು ತಿದ್ದಿಕೊಳ್ಳಿ.

ಇಷ್ಟರಿಂದಲೇ ಅರ್ಧ ಸಮಸ್ಯೆ ತೀರಬಹುದು. ಉಳಿದರ್ಧಕ್ಕೆ ಕಾರಣ ಮೇಜನ್ನು ಗೋಡೆಗೆ ತಾಗಿಸಿರುವುದು. ಚಿಕ್ಕ ದೀಪವೊಂದರ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ: ದೀಪದಿಂದ ಸೇಬು 50 ಸೆಂ.ಮೀ. ದೂರದಲ್ಲೂ ಹಿನ್ನೆಲೆ 150 ಸೆಂ.ಮೀ. ದೂರದಲ್ಲೂ ಇದ್ದರೆ, ಸೇಬಿಗೆ ಸಿಗುವ ಬೆಳಕಿನ ಒಂಬತ್ತರಲ್ಲೊಂದು ಪಾಲು ಮಾತ್ರ ಹಿನ್ನೆಲೆಗೆ ಸಿಗುತ್ತದೆ, ಅಂದರೆ ಮೂರು ಸ್ಟಾಪ್‌ಗಿಂತ ತುಸು ಹೆಚ್ಚಿನ ವ್ಯತ್ಯಾಸ. ಆ ಅಂತರದಲ್ಲಿ ಸಾಧಾರಣ ಬೂದು ಗೋಡೆಯೂ ಬಹುಮಟ್ಟಿಗೆ ಕಪ್ಪಾಗಿಯೇ ಕಾಣುತ್ತದೆ. ಆದರೆ ನಿಮ್ಮದು ದೊಡ್ಡ ಕಿಟಕಿ. ಹತ್ತಿರದಲ್ಲಿ ಅದರ ಬೆಳಕು ಇಷ್ಟು ಬೇಗ ಕುಗ್ಗುವುದಿಲ್ಲ. ಆದ್ದರಿಂದ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿ. ಮೇಜನ್ನು ಗೋಡೆಯಿಂದ ಒಂದೂವರೆ ಮೀಟರಾದರೂ ಮುಂದಕ್ಕೆ ಎಳೆಯಿರಿ. ಬಳಿಕ ಕಿಟಕಿಯನ್ನು ರಟ್ಟಿನಿಂದ ಮುಚ್ಚಿ, ವಸ್ತುಗಳ ಎತ್ತರದಲ್ಲಿ ಒಂದು ಕಿರಿದಾದ ತೆರವನ್ನಷ್ಟೇ ಉಳಿಸಿ. ಕಿಟಕಿಗೂ ಹಿನ್ನೆಲೆಗೂ ನಡುವೆ ಇನ್ನೊಂದು ರಟ್ಟನ್ನು ಅಡ್ಡ ನಿಲ್ಲಿಸಿದರೆ ಹಿನ್ನೆಲೆಗೆ ನೇರ ಬೆಳಕು ತಲುಪುವುದೇ ಇಲ್ಲ. ಈ ಅಡ್ಡ ರಟ್ಟು ಮಾಡುವ ಕೆಲಸವನ್ನು ವೆಲ್ವೆಟ್ ಬಟ್ಟೆ ಮಾಡಲಾರದು.

ಕೋಣೆಯ ದೀಪವನ್ನು ಆರಿಸಿಬಿಡಿ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಹಳದಿ ಬೆಳಕಿನ ಬಲ್ಬು ಸುಮಾರು 2700ರಿಂದ 3000 ಕೆಲ್ವಿನ್; ಎರಡು ಬಣ್ಣದ ಬೆಳಕುಗಳು ಎರಡು ದಿಕ್ಕಿನಿಂದ ಬಂದಾಗ ಯಾವ ವೈಟ್ ಬ್ಯಾಲೆನ್ಸ್ (ಬಣ್ಣದ ವಾಲಿಕೆಯನ್ನು ತಿದ್ದುವ ಹೊಂದಿಕೆ) ಕೂಡ ಎರಡನ್ನೂ ಒಮ್ಮೆಗೇ ಸರಿಪಡಿಸದು.

ಎಫ್/2.8 ಬಗ್ಗೆಯೂ ಒಂದು ಮಾತು. ನೀವು ಸುಮಾರು 60 ಸೆಂ.ಮೀ. ದೂರದಿಂದ ತೆಗೆಯುತ್ತಿದ್ದರೆ ಸ್ಪಷ್ಟವಾಗಿ ಕಾಣುವ ಆಳ 2 ಸೆಂ.ಮೀ. ಆಸುಪಾಸಿನದು, ಸೇಬಿನ ಅಗಲಕ್ಕೂ ಅದು ಸಾಲದು. ಎಫ್/11ಕ್ಕೆ ಇಳಿದರೆ ಆ ಆಳ 8ರಿಂದ 9 ಸೆಂ.ಮೀ. ಆಗುತ್ತದೆ. ಎಫ್/22ರವರೆಗೆ ಹೋಗಬೇಡಿ, ಕಿರಿದಾದ ದ್ವಾರದಲ್ಲಿ ಬೆಳಕು ಬಾಗಿ ಹರಡುವ ಡಿಫ್ರ್ಯಾಕ್ಷನ್‌ನಿಂದ ಇಡೀ ಚಿತ್ರದ ಮೊನಚು ತಗ್ಗುತ್ತದೆ. ಎಫ್/2.8ರಿಂದ ಎಫ್/11ಕ್ಕೆ ನಾಲ್ಕು ಸ್ಟಾಪ್‌ಗಳ ಅಂತರವಿರುವುದರಿಂದ ಶಟರ್ ಹದಿನಾರು ಪಟ್ಟು ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ವಸ್ತು ಅಲುಗಾಡದ ಕಾರಣ ಇದು ತೊಂದರೆಯೇ ಅಲ್ಲ. ಟ್ರೈಪಾಡ್, ಐಎಸ್‌ಒ 100, ಎರಡು ಸೆಕೆಂಡಿನ ಟೈಮರ್ ಸಾಕು. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ತೆಗೆದ ಪ್ರಸಿದ್ಧ ದಪ್ಪಮೆಣಸಿನಕಾಯಿಯ ಚಿತ್ರಕ್ಕೆ ಹಲವು ನಿಮಿಷಗಳ ಎಕ್ಸ್‌ಪೋಶರ್ ಬೇಕಾಗಿತ್ತು. ಸ್ಟಿಲ್ ಲೈಫ್ ಅಭ್ಯಾಸಿಗೆ ಕಾಲದ ಈ ಸೌಕರ್ಯ ಧಾರಾಳವಾಗಿದೆ, ಅದನ್ನು ಬಳಸಿಕೊಳ್ಳಿ.

ವಿದ್ಯಾರ್ಥಿ:

ತಾವು ಹೇಳಿದಂತೆ ಮೇಜನ್ನು ಮುಂದಕ್ಕೆ ತಂದು, ಕಿಟಕಿಯನ್ನು ಕಿರಿದಾಗಿಸಿ, ಎಕ್ಸ್‌ಪೋಶರನ್ನು ಸ್ಥಿರವಾಗಿಟ್ಟೆ. ಗೋಡೆಯ ಮೇಲೆ ಯಾವ ಹಾಳೆಯೂ ಇಲ್ಲದೆಯೇ ಹಿನ್ನೆಲೆ ಕಪ್ಪಾಗಿ ಬಂದಿದೆ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಬಣ್ಣದ ಗೊಂದಲವೂ ಹೋಗಿದೆ. ಆದರೆ ಈಗ ಸೇಬಿನ ಬಲಬದಿ ಹಿನ್ನೆಲೆಯೊಳಗೆ ಕರಗಿ, ಅರ್ಧ ಸೇಬು ಮಾತ್ರ ಕಾಣುತ್ತಿದೆ. ಲೋಹದ ಹೂಜಿಯ ಮೇಲೆ ಕಿಟಕಿಯ ತೆರವು ಒಂದು ಬಿಳಿ ಗೀರಾಗಿ ಮೂಡಿದ್ದು, ಉಳಿದ ಮೈಯೆಲ್ಲ ಕಪ್ಪಾಗಿದೆ. ಪೋಲರೈಸಿಂಗ್ ಫಿಲ್ಟರ್ ಹಾಕಿ ತಿರುಗಿಸಿದರೂ ಆ ಗೀರು ಕದಲುತ್ತಿಲ್ಲ. ಗಾಜಿನ ಲೋಟವಂತೂ ಎಲ್ಲಿದೆಯೆಂದು ಹುಡುಕಬೇಕಾಗಿದೆ.

ಉತ್ತರ (ಮೊದಲ ಸದಸ್ಯರು):

ಸೇಬಿನ ಪರಿಹಾರ ಸುಲಭ. ನೆರಳಿನ ಬದಿಯಲ್ಲಿ, ಚೌಕಟ್ಟಿನ ಹೊರಗೆ, ಬಿಳಿ ರಟ್ಟು ಅಥವಾ ಥರ್ಮೋಕೋಲ್ ಹಾಳೆಯನ್ನು ನಿಲ್ಲಿಸಿ, ಅದನ್ನು ಮೆಲ್ಲಗೆ ಹತ್ತಿರ ತರುತ್ತ ಹೋಗಿ. ಸೇಬಿನ ಅಂಚು ಹಿನ್ನೆಲೆಯಿಂದ ಬಿಡಿಸಿಕೊಂಡ ಕೂಡಲೇ ನಿಲ್ಲಿಸಿ. ಇನ್ನೂ ಹತ್ತಿರ ತಂದರೆ ಮತ್ತೆ ಚಪ್ಪಟೆಯಾಗುತ್ತದೆ. ನೀವು ಮೆಚ್ಚುವ ಆ ಡಚ್ ವರ್ಣಚಿತ್ರಗಳನ್ನು ಗಮನವಿಟ್ಟು ನೋಡಿದರೆ, ನೆರಳಿನ ಬದಿ ಎಂದೂ ಪೂರ್ತಿ ಕುರುಡಾಗಿರುವುದಿಲ್ಲ. ಹತ್ತಿರದ ವಸ್ತುವಿನಿಂದಲೋ ಮೇಜಿನ ಬಟ್ಟೆಯಿಂದಲೋ ಬಂದ ಮಂದವಾದ ಮರುಬೆಳಕು ಅಲ್ಲಿ ಆಕಾರವನ್ನು ಹಿಡಿದಿಟ್ಟಿರುತ್ತದೆ. ಹಲವು ಚಿತ್ರಗಳಲ್ಲಿ ಹಿನ್ನೆಲೆ ಸಹ ಒಂದೇ ಸಮನೆ ಕಪ್ಪಾಗಿಲ್ಲ: ವಸ್ತುವಿನ ಬೆಳಗಿದ ಬದಿಯ ಹಿಂದೆ ಕತ್ತಲೆ, ನೆರಳಿನ ಬದಿಯ ಹಿಂದೆ ತುಸು ಬೆಳಕು. ಅಡ್ಡ ರಟ್ಟನ್ನು ಸ್ವಲ್ಪ ಓರೆಯಾಗಿಸಿ ಗೋಡೆಯ ಬಲಭಾಗಕ್ಕೆ ಒಂದಿಷ್ಟು ಬೆಳಕು ಸೋರಲು ಬಿಟ್ಟರೆ ನಿಮಗೂ ಅದು ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಶೈಲಿಯ ಜೀವ ಇರುವುದು ಇಲ್ಲಿಯೇ, ಬರಿಯ ಕಪ್ಪಿನಲ್ಲಲ್ಲ.

ಹೂಜಿಯ ವಿಷಯ ಬೇರೆ. ಪೋಲರೈಸಿಂಗ್ ಫಿಲ್ಟರ್ ನೀರು, ಗಾಜು, ವಾರ್ನಿಷ್‌ಗಳಂಥ ಲೋಹವಲ್ಲದ ಮೈಗಳ ಪ್ರತಿಫಲನವನ್ನು ಮಾತ್ರ, ಅದೂ ಕೆಲವು ಕೋನಗಳಲ್ಲಿ, ಕುಗ್ಗಿಸುತ್ತದೆ. ಬರಿ ಲೋಹದ ಮೇಲೆ ಸಾಮಾನ್ಯ ಬೆಳಕಿನ ಪ್ರತಿಫಲನ ಅಷ್ಟಾಗಿ ಪೋಲರೈಸ್ ಆಗುವುದಿಲ್ಲವಾದ್ದರಿಂದ ಫಿಲ್ಟರ್ ಅಲ್ಲಿ ನಿಷ್ಪ್ರಯೋಜಕ. ಹೊಳೆಯುವ ಲೋಹದ ಮೇಲೆ ನಾವು ನೋಡುವುದು ಅದರ ಸುತ್ತಲಿನ ಕೋಣೆಯನ್ನು. ಕೋಣೆ ಕತ್ತಲಾಗಿ ಕಿಟಕಿ ಕಿರಿದಾಗಿದ್ದರೆ ಹೂಜಿಯೂ ಹಾಗೆಯೇ ಕಾಣುತ್ತದೆ. ಆದ್ದರಿಂದ ಹೂಜಿಗೆ ನೋಡಲು ಬೇರೇನನ್ನಾದರೂ ಕೊಡಬೇಕು. ತೆರವಿಗೂ ಹೂಜಿಗೂ ನಡುವೆ, ಹೂಜಿಗೆ ಆದಷ್ಟು ಹತ್ತಿರದಲ್ಲಿ, ದೊಡ್ಡ ಟ್ರೇಸಿಂಗ್ ಪೇಪರ್ ಹಾಳೆಯನ್ನು ಇಳಿಬಿಡಿ. ಬೆಳಕು ಹಾಳೆಯ ನಡುವೆ ಪ್ರಖರವಾಗಿಯೂ ಅಂಚಿನತ್ತ ಮಂದವಾಗಿಯೂ ಹರಡುವುದರಿಂದ ಬಿಳಿ ಗೀರಿನ ಜಾಗದಲ್ಲಿ ಮೆಲ್ಲನೆ ಇಳಿಯುವ ಹೊಳಪು ಬರುತ್ತದೆ. ಹಾಳೆ ಹೆಚ್ಚು ಬೆಳಕನ್ನು ಹಿನ್ನೆಲೆಗೆ ಚೆಲ್ಲುತ್ತಿದ್ದರೆ ಅಡ್ಡ ರಟ್ಟನ್ನು ಮತ್ತೆ ಸರಿಹೊಂದಿಸಬೇಕಾದೀತು.

ವೆಸ್ಟನ್ ಮಾಡಿದ್ದೂ ಇದರ ಹತ್ತಿರದ ಕೆಲಸವೇ. ಆ ಮೆಣಸಿನಕಾಯಿಯನ್ನು ಅವರು ತಗಡಿನ ಆಲಿಕೆಯೊಳಗೆ ಇಟ್ಟರು. ಆಲಿಕೆಯ ಒಳಮೈ ಬೆಳಕನ್ನು ಸುತ್ತಲಿಂದ ಮರಳಿಸಿ ಮೆಣಸಿನಕಾಯಿಯ ಒಂದೊಂದು ಮಡಿಕೆಯನ್ನೂ ಉಬ್ಬಿಸಿ ತೋರಿಸಿತು.

ಉತ್ತರ (ಎರಡನೇ ಸದಸ್ಯರು):

ಗಾಜಿನ ಬಗ್ಗೆ ನಾನು ಸೇರಿಸುತ್ತೇನೆ. ಪಾರದರ್ಶಕ ಗಾಜು ತನ್ನ ಮೇಲೆ ಬಿದ್ದ ಬೆಳಕಿನಿಂದ ಕಾಣುವುದಲ್ಲ, ತನ್ನ ಅಂಚಿನಿಂದ ಕಾಣುವುದು. ಕಪ್ಪು ಹಿನ್ನೆಲೆಯಲ್ಲಿ ಅಂಚು ಬಿಳಿಯಾಗಬೇಕು, ಬಿಳಿ ಹಿನ್ನೆಲೆಯಲ್ಲಿ ಅಂಚು ಕಪ್ಪಾಗಬೇಕು. ಕಪ್ಪಿನ ಮೇಲೆ ತೆಗೆಯುವಾಗ ಲೋಟದ ಹಿಂದೆ ಬೆಳಗಿದ ದೊಡ್ಡ ಬಿಳಿ ಹಾಳೆಯನ್ನಿಟ್ಟು, ಆ ಹಾಳೆಗೂ ಲೋಟಕ್ಕೂ ನಡುವೆ, ಕ್ಯಾಮೆರಾದ ಚೌಕಟ್ಟಿಗಿಂತ ತುಸುವೇ ದೊಡ್ಡದಾದ ಕಪ್ಪು ರಟ್ಟನ್ನು ನಿಲ್ಲಿಸಿ. ಕ್ಯಾಮೆರಾಕ್ಕೆ ಕಪ್ಪು ರಟ್ಟು ಮಾತ್ರ ಕಾಣುತ್ತದೆ. ಅದರ ಸುತ್ತಲಿನಿಂದ ಬರುವ ಬೆಳಕನ್ನು ಗಾಜಿನ ದಪ್ಪ ಅಂಚು ಬಾಗಿಸಿ ಬಿಳಿ ಗೆರೆಯಾಗಿ ತೋರಿಸುತ್ತದೆ. ಹೈ-ಕೀ ಚಿತ್ರಕ್ಕೆ ಇದರ ತದ್ವಿರುದ್ಧ: ಹಿಂದಿನ ಬಿಳಿ ಹಾಳೆ ಚೌಕಟ್ಟನ್ನು ತುಂಬುವಷ್ಟು ಮಾತ್ರ ಇರಲಿ, ಲೋಟದ ಎರಡೂ ಬದಿಗೆ ಚೌಕಟ್ಟಿನ ಸ್ವಲ್ಪವೇ ಹೊರಗೆ ಕಪ್ಪು ರಟ್ಟುಗಳನ್ನು ನಿಲ್ಲಿಸಿ. ಆಗ ಅಂಚಿನಲ್ಲಿ ಸ್ಪಷ್ಟವಾದ ಕಪ್ಪು ಗೆರೆ ಮೂಡುತ್ತದೆ. ಲೋಟವನ್ನು ಮೊದಲು ಮೆತ್ತನೆಯ ಬಟ್ಟೆಯಿಂದ ಒರೆಸಿ, ಬಳಿಕ ಬರಿಗೈಯಿಂದ ಮುಟ್ಟಬೇಡಿ. ಇಂಥ ಬೆಳಕಿನಲ್ಲಿ ಬೆರಳಚ್ಚು ಮತ್ತು ದೂಳು ಎದ್ದು ಕಾಣುತ್ತವೆ.

ಹೈ-ಕೀ ಚಿತ್ರದಲ್ಲಿ ಹೆಚ್ಚಿನವರು ಎಡವುವುದು ಹಿನ್ನೆಲೆಯನ್ನು ಮಿತಿಮೀರಿ ಬೆಳಗಿಸುವುದರಲ್ಲಿ. ಬಿಳಿ ಹಾಳೆ ಹಿಸ್ಟೋಗ್ರಾಂನ ಬಲ ತುದಿಯನ್ನು ಆಗತಾನೇ ಮುಟ್ಟುವಂತಿದ್ದರೆ ಸಾಕು. ಅದನ್ನೂ ದಾಟಿಸಿದರೆ ಹಿಂದಿನ ಬೆಳಕು ಲೆನ್ಸಿನೊಳಗೆ ಚದುರಿ, ಚಿತ್ರದ ಮೇಲೆಲ್ಲ ತೆಳುವಾದ ಮಬ್ಬು ಕವಿಯುತ್ತದೆ, ಸೇಬಿನ ಬಣ್ಣವೂ ಸೊರಗುತ್ತದೆ. ಇದಕ್ಕೆ ಕಿಟಕಿಯ ರಟ್ಟನ್ನು ಪೂರ್ತಿ ತೆಗೆದು, ಟ್ರೇಸಿಂಗ್ ಪೇಪರಿನಿಂದ ಇಡೀ ಕಿಟಕಿಯನ್ನು ಮುಚ್ಚಿ, ಮೇಜನ್ನು ಅದರ ಬಳಿಗೆ ಒಯ್ಯಿರಿ. ವಸ್ತುವಿನ ಕಡೆಯಿಂದ ನೋಡಿದಾಗ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆಯೋ ನೆರಳಿನ ಅಂಚು ಅಷ್ಟು ಮೃದುವಾಗುತ್ತದೆ.

ವಿದ್ಯಾರ್ಥಿ:

ಕಪ್ಪು ಹಿನ್ನೆಲೆಯಲ್ಲಿ ಲೋಟದ ಅಂಚು ಗೆರೆ ಎಳೆದಂತೆ ಬಂದಿತು. ಹೂಜಿಯೂ ಹೂಜಿಯಂತೆ ಕಾಣುತ್ತಿದೆ. ತಮ್ಮಿಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಆದರೆ ಸೇಬು, ಹೂಜಿ, ಲೋಟ ಮೂರನ್ನೂ ಒಂದೇ ಚೌಕಟ್ಟಿನಲ್ಲಿ ಇಟ್ಟಾಗ ಒಂದಕ್ಕೆ ಹೊಂದಿಸಿದ ಬೆಳಕು ಇನ್ನೊಂದನ್ನು ಕೆಡಿಸುತ್ತದೆ. ಫ್ಲಾಟ್ ಲೇ ಕೂಡ ಇನ್ನೂ ಜೀವವಿಲ್ಲದಂತೆ ಕಾಣುತ್ತಿದೆ.

ಉತ್ತರ (ಮೊದಲ ಸದಸ್ಯರು):

ಮೂರನ್ನೂ ಒಟ್ಟಿಗೆ ಬೆಳಗಿಸುವುದು ನಿಜಕ್ಕೂ ಕಷ್ಟದ ಕೆಲಸ, ಅದರಲ್ಲಿ ನಿಮ್ಮ ಕೊರತೆಯೇನೂ ಇಲ್ಲ. ಚಿತ್ರದಲ್ಲಿ ಯಾವುದು ಮುಖ್ಯವೆಂದು ಮೊದಲು ತೀರ್ಮಾನಿಸಿ, ಅದಕ್ಕೆ ದೊಡ್ಡ ಬೆಳಕನ್ನು ಹೊಂದಿಸಿ, ಉಳಿದವುಗಳನ್ನು ಅಂಗೈಯಗಲದ ಕಪ್ಪು-ಬಿಳಿ ರಟ್ಟಿನ ತುಂಡುಗಳಿಂದ ತಿದ್ದಿ. ಪ್ರತಿ ತುಂಡನ್ನು ಇಡುವಾಗಲೂ ಕ್ಯಾಮೆರಾದ ಜಾಗದಿಂದಲೇ ನೋಡಿ. ಪಕ್ಕದಲ್ಲಿ ನಿಂತವರಿಗೆ ಕಾಣುವ ಹೊಳಪು ಲೆನ್ಸಿಗೆ ಕಾಣದು. ಕ್ಯಾಮೆರಾ ಟ್ರೈಪಾಡಿನ ಮೇಲೆ ಕದಲದೆ ಇರುವುದರಿಂದ, ಒಂದೊಂದು ವಸ್ತುವಿಗೂ ಬೇರೆ ಎಕ್ಸ್‌ಪೋಶರ್ ತೆಗೆದು ಲೇಯರ್‌ಗಳಲ್ಲಿ ಜೋಡಿಸುವ ದಾರಿಯೂ ಇದೆ. ಜಾಹೀರಾತು ಚಿತ್ರಗಳಲ್ಲಿ ಅದು ನಿತ್ಯದ ರೂಢಿ. ಕಲಿಕೆಯ ಹಂತದಲ್ಲಿ ಮಾತ್ರ ಅದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಬೆಳಕುಗಳ ನಡುವಿನ ಹೊಂದಾಣಿಕೆಯನ್ನು ಕಣ್ಣು ಕಲಿಯುವುದು ಒಂದೇ ಎಕ್ಸ್‌ಪೋಶರಿನಲ್ಲಿ ಎಲ್ಲವನ್ನೂ ಹಿಡಿಯಲು ಯತ್ನಿಸುವಾಗ.

ಫ್ಲಾಟ್ ಲೇಯಲ್ಲಿ ಆಳವನ್ನು ತೋರಿಸುವ ಹೊಣೆ ನೆರಳಿನ ಮೇಲೆ ಬೀಳುತ್ತದೆ. ಮೃದುವಾದ ಬೆಳಕು ಎಲ್ಲ ಕಡೆಯಿಂದ ಬಂದರೆ ವಸ್ತುಗಳು ಹಾಳೆಗೆ ಅಂಟಿಸಿದಂತೆ ಕಾಣುತ್ತವೆ. ಬೆಳಕನ್ನು ಒಂದೇ ಬದಿಯಿಂದ, ಮೇಜಿನ ಮಟ್ಟಕ್ಕೆ ತುಸು ಮೇಲಿನಿಂದ ಬರಮಾಡಿ. ಕ್ಯಾಮೆರಾದ ಸೆನ್ಸರ್ ಮೇಜಿಗೆ ಸಮಾನಾಂತರವಾಗಿದೆಯೇ ಎಂದು ಲೆವೆಲ್ ಇಟ್ಟು ನೋಡಿ. ಸೆನ್ಸರ್ ತುಸು ವಾಲಿದರೂ ಸಮಾನಾಂತರ ಗೆರೆಗಳು ಒಂದು ಕಡೆಗೆ ಕೂಡಿಕೊಳ್ಳುತ್ತವೆ. ಎತ್ತರದ ಹೂಜಿಯನ್ನು ಈ ಚಿತ್ರದಿಂದ ಕೈಬಿಡಿ; ಮೇಲಿನಿಂದ ಅದು ಬರಿಯ ಒಂದು ವೃತ್ತ, ಜೊತೆಗೆ ಅದರ ಬಾಯಿಗೆ ಫೋಕಸ್ ಮಾಡಿದರೆ ಬಟ್ಟೆಯ ನೇಯ್ಗೆ ಮಸುಕಾಗುತ್ತದೆ.

ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಕಚ್ಚಾ ಫೈಲು) ತೆಗೆದು, ಗ್ರೇ ಕಾರ್ಡ್‌ನಿಂದ ವೈಟ್ ಬ್ಯಾಲೆನ್ಸ್ ಸರಿಪಡಿಸಿ, ಕಪ್ಪಿನ ಮತ್ತು ಬಿಳಿಯ ತುದಿಗಳನ್ನು ಹೊಂದಿಸುವಲ್ಲಿಗೆ ಈ ಅಭ್ಯಾಸದ ಸಂಸ್ಕರಣೆ ನಿಲ್ಲಲಿ. ಹಿನ್ನೆಲೆಯನ್ನು ಕಪ್ಪಾಗಿಸಲು ಒಂದು ಸ್ಟಾಪ್‌ಗಿಂತ ಹೆಚ್ಚು ಎಳೆಯಬೇಕಾಗಿ ಬಂದರೆ ಫೈಲನ್ನು ಮುಚ್ಚಿ, ಅಡ್ಡ ರಟ್ಟನ್ನು ಸರಿಸಿ, ಮತ್ತೊಮ್ಮೆ ತೆಗೆಯಿರಿ.