ಮಸ್ಕತ್ತಿಗೆ ಹೊರಟ ಅನುಷಾಳಿಗೆ, ಬಟ್ಟೆಯ ವಿಷಯ

ಅನುಷಾ, ನೀನು ಬೆಳಿಗ್ಗೆ ಕೇಳಿದ್ದು ಇಷ್ಟೇ. ಡಿಸೆಂಬರಿನಲ್ಲಿ ನೀನೂ ನಿನ್ನ ಗೆಳತಿಯೂ ಮಸ್ಕತ್ತಿಗೆ, ಅಲ್ಲಿಂದ ಅಬುಧಾಬಿಗೆ ಹೋಗುತ್ತಿದ್ದೀರಿ, ಎಂಥ ಬಟ್ಟೆ ತೆಗೆದುಕೊಂಡು ಹೋಗಬೇಕು ಅಂತ. ಮಧ್ಯಾಹ್ನದೊಳಗೆ ಗ್ರೂಪಿನಲ್ಲಿ ರಾಶಿ ಉತ್ತರ ಬಂತು. ಕಾಸರಗೋಡು ಪೇಟೆಯಲ್ಲಿ ಕಪ್ಪು ಪರ್ದಾ ತೆಗೆದುಕೋ, ತಲೆ ಮುಚ್ಚದೆ ಹೊರಗೆ ಕಾಲಿಡಬೇಡ ಎಂದರು ಗಣೇಶಣ್ಣ. ನಮ್ಮ ಬಟ್ಟೆ ನಮ್ಮ ಹಕ್ಕು, ಶಾರ್ಟ್ಸ್ ಹಾಕಿಕೊಂಡೇ ಹೋಗು ಎಂದ ಕಾರ್ತಿಕ್. ಬಟ್ಟೆ ಸರಿ ಇದ್ದರೆ ಯಾರೂ ತಂಟೆಗೆ ಬರುವುದಿಲ್ಲ ಎಂದರು ಜಯಕ್ಕ. ನಾನು ಮಸ್ಕತ್ತಿನ ರೂವಿಯಲ್ಲಿ ಸಂಸಾರ ಮಾಡಿ ಬಂದವಳು, ಹಾಗಾಗಿ ಸ್ವಲ್ಪ ಉದ್ದವೇ ಹೇಳುತ್ತೇನೆ. ಫೋನಿಗೆ ಮಾತಾಡಿ ಬರೆಸುತ್ತಿದ್ದೇನೆ, ಪೂರ್ತಿ ಓದಿ ಆಮೇಲೆ ಜಗಳ ಮಾಡಿ.

ಪರ್ದಾ ಬೇಡ ಮಗಳೇ, ಸುಮ್ನೆ ದುಡ್ಡು ದಂಡ. ಒಮಾನಿನಲ್ಲಿ ಬೇರೆ ದೇಶದ ಹೆಂಗಸರು ತಲೆ ಮುಚ್ಚಬೇಕು ಅಂತ ಕಾನೂನಿಲ್ಲ. ನೀನು ಇಲ್ಲಿ ಕುಂಬಳೆ, ಬದಿಯಡ್ಕ ಪೇಟೆಗೆ ಹೋಗುವಾಗ ಹಾಕುವ ಸಡಿಲ ಚೂಡಿದಾರ ಇದೆಯಲ್ಲ, ಅದನ್ನೇ ಹಾಕಿಕೋ. ಭುಜ ಮತ್ತು ಮೊಣಕಾಲು ಮುಚ್ಚಿರಬೇಕು, ಬಟ್ಟೆ ಪಾರದರ್ಶಕ ಆಗಿರಬಾರದು, ಮೈಗೆ ಅಂಟಿಕೊಂಡಿರಬಾರದು. ಇಷ್ಟಿದ್ದರೆ ಮಸ್ಕತ್ತಿನ ಬೀದಿ, ಮಾಲ್, ಹೋಟೆಲು ಎಲ್ಲ ಕಡೆ ಆರಾಮ. ಜೀನ್ಸ್ ಮೇಲೆ ಉದ್ದ ಕುರ್ತಾ ಕೂಡ ನಡೆಯುತ್ತದೆ. ಸೀರೆಗೂ ಏನೂ ತೊಂದರೆಯಿಲ್ಲ, ಅಲ್ಲಿ ಹಳೆಯ ಶಿವ ದೇವಸ್ಥಾನ ಇದೆ, ಸೀರೆ ಉಟ್ಟವರನ್ನು ದಿನಾ ನೋಡುವ ಊರು ಅದು. ಮುತ್ರಾ ಸೂಕಿನಲ್ಲಿ, ಅಂದರೆ ಅಲ್ಲಿನ ಹಳೆಯ ಪೇಟೆಯಲ್ಲಿ, ತಿರುಗುವಾಗ ಮಾತ್ರ ಸ್ವಲ್ಪ ಜಾಸ್ತಿ ಸಡಿಲ ಇರಲಿ, ಇಕ್ಕಟ್ಟು, ಜನ ಜಾಸ್ತಿ. ನಿಜ್ವಾಕ್ಕೆ ಶುಕ್ರವಾರದ ಆಡಿನ ಸಂತೆ ನೋಡಲು ಹೋಗುವುದಾದರೆ ಉದ್ದ ತೋಳಿನದ್ದೇ ಹಾಕು. ಅದು ಹಳೆಯ ರೀತಿಯ ಊರು, ಸುತ್ತಲಿನ ಹಳ್ಳಿಯವರೆಲ್ಲ ಬಂದು ಸೇರುತ್ತಾರೆ.

ಇನ್ನು ಮಸೀದಿ. ಮಸ್ಕತ್ತಿನ ಸುಲ್ತಾನ್ ಕಾಬೂಸ್ ದೊಡ್ಡ ಮಸೀದಿ 2001ರಲ್ಲಿ ತೆರೆದದ್ದು. ಅದನ್ನು ನೋಡದೆ ಬರಬೇಡ. ಒಳಗಿನ ಜಮಖಾನೆಯೇ 70 ಮೀಟರ್ ಉದ್ದ, 60 ಮೀಟರ್ ಅಗಲ, 21 ಟನ್ ತೂಕ, ಇರಾನಿನ ಕೈನೇಯ್ಗೆ. ಮುಸ್ಲಿಮರಲ್ಲದ ನಮ್ಮಂಥವರಿಗೆ ಶನಿವಾರದಿಂದ ಗುರುವಾರದವರೆಗೆ ಬೆಳಿಗ್ಗೆ 8ರಿಂದ 11ರ ತನಕ ಪ್ರವೇಶ, ಶುಕ್ರವಾರ ಇಲ್ಲ. ಇಲ್ಲಿ ನಿಯಮ ಕಟ್ಟುನಿಟ್ಟು. ಕೂದಲು ಪೂರ್ತಿ ಮುಚ್ಚಬೇಕು, ತೋಳು ಮಣಿಕಟ್ಟಿನ ತನಕ, ಕೆಳಗೆ ಪಾದದ ಗಂಟಿನ ತನಕ. ಮುಕ್ಕಾಲು ತೋಳಿನ ಟಾಪ್ ಹಾಕಿಕೊಂಡು ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬಾಡಿಗೆಗೆ ಅಬಾಯ, ಅಂದರೆ ನಮ್ಮ ಕಡೆಯ ಪರ್ದಾದ ಹಾಗೆ ಮೈತುಂಬ ಮುಚ್ಚುವ ನಿಲುವಂಗಿ, ಅಲ್ಲೇ ಸಿಗುತ್ತದೆ, ಆದರೆ ನಿನ್ನದೇ ಬಟ್ಟೆ ಸರಿ ಇದ್ದರೆ ಆ ಖರ್ಚು ಯಾಕೆ? ಒಂದು ಹತ್ತಿಯ ಶಾಲು ಮತ್ತು ನಾಲ್ಕು ಪಿನ್ ಬ್ಯಾಗಿನಲ್ಲಿಟ್ಟುಕೋ. ಜಾರ್ಜೆಟ್ ಶಾಲು ಬೇಡವೇ ಬೇಡ, ತಲೆಯ ಮೇಲೆ ನಿಲ್ಲುವುದಿಲ್ಲ, ಜಾರಿ ಜಾರಿ ಕುತ್ತಿಗೆಗೆ ಬರುತ್ತದೆ, ನೀನು ಮೇಲಿನ ತೂಗುದೀಪ ನೋಡುವುದೋ ಶಾಲು ಹಿಡಿದುಕೊಳ್ಳುವುದೋ?

ಅಬುಧಾಬಿಯ ಶೇಖ್ ಝಾಯೆದ್ ಮಸೀದಿಯಲ್ಲೂ ಹೀಗೆಯೇ. ಟಿಕೆಟ್ ಇಲ್ಲ, ಆದರೆ ಮೊದಲೇ ಆನ್‌ಲೈನಿನಲ್ಲಿ ಹೆಸರು ಬರೆಸಬೇಕು. 2024ರ ಫೆಬ್ರವರಿ 14ಕ್ಕೆ ಉದ್ಘಾಟನೆಯಾದ, ಸ್ವಾಮಿನಾರಾಯಣ ಪಂಥದ ಬಿಎಪಿಎಸ್ ಹಿಂದೂ ದೇವಸ್ಥಾನವೂ ಅದೇ ಎಮಿರೇಟಿನಲ್ಲಿದೆ, ಅಲ್ಲೂ ಭುಜ, ಮೊಣಕಾಲು ಕಾಣುವ ಬಟ್ಟೆಯಲ್ಲಿ ಬಿಡುವುದಿಲ್ಲ. ಕಾರ್ತಿಕ್, ಇದು ನಿನಗೆ. ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನಕ್ಕೆ ಹೋದರೆ ಚೂಡಿದಾರದ ಮೇಲೆ ಮುಂಡು ಸುತ್ತಿಕೊಳ್ಳುತ್ತೇವೆ, ನೀನು ಅಂಗಿ ಬಿಚ್ಚುತ್ತೀಯ. ಆಗ ಯಾರ ಹಕ್ಕೂ ಹೋಗುವುದಿಲ್ಲ ಅಲ್ವಾ? ಅವರು ಪ್ರಾರ್ಥನೆ ಮಾಡುವ ಜಾಗಕ್ಕೆ ನಾವಾಗಿಯೇ ನೋಡಲು ಹೋಗುತ್ತೇವೆ, ಅಲ್ಲಿನ ಕ್ರಮ ಪಾಲಿಸುವುದು ಮರ್ಯಾದೆ.

ಆದರೆ ಗಣೇಶಣ್ಣ, ನೀವು ಮುಸ್ಲಿಂ ದೇಶ ಅಂದರೆ ಎಲ್ಲ ಒಂದೇ ಅಂತ ಬರೆದಿರಿ, ಅದು ನನಗೆ ಒಪ್ಪಿಗೆಯಿಲ್ಲ. ಇರಾನಿನಲ್ಲಿ ತಲೆಗೆ ಬಟ್ಟೆ ಹಾಕುವುದು ಕಾನೂನು, ಹೊರಗಿನಿಂದ ಬಂದ ಹೆಂಗಸಿಗೂ ಅದು ಬಿಟ್ಟದ್ದಲ್ಲ. 2022ರ ಸೆಪ್ಟೆಂಬರಿನಲ್ಲಿ ಮಹ್ಸಾ ಅಮಿನಿ ಎಂಬ 22 ವರ್ಷದ ಹುಡುಗಿಯನ್ನು ತಲೆಬಟ್ಟೆ ಸರಿ ಇಲ್ಲ ಅಂತ ತೆಹರಾನಿನಲ್ಲಿ ಪೊಲೀಸರು ಹಿಡಿದುಕೊಂಡು ಹೋದರು, ಅವರ ವಶದಲ್ಲಿರುವಾಗಲೇ ಅವಳು ಸತ್ತಳು. ಅಲ್ಲಿನ ಹೆಣ್ಣುಮಕ್ಕಳೇ ಬೀದಿಗಿಳಿದು ತಲೆಬಟ್ಟೆ ಸುಟ್ಟರು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಸೌದಿಯಲ್ಲಿ ಹಿಂದೆ ಎಲ್ಲರಿಗೂ ಅಬಾಯ ಬೇಕಿತ್ತು, 2019ರಲ್ಲಿ ಟೂರಿಸ್ಟ್ ವೀಸಾ ಶುರು ಮಾಡಿದಾಗ ಹೊರದೇಶದ ಹೆಂಗಸರಿಗೆ ಅದು ಕಡ್ಡಾಯವಲ್ಲ ಎಂದರು, ಮೈ ಮುಚ್ಚುವ ಬಟ್ಟೆ ಸಾಕು. ಟರ್ಕಿಯಲ್ಲಿ ಕೇಳುವುದೇ ಬೇಡ, ಇಸ್ತಾಂಬುಲಿನಲ್ಲಿ ಸ್ಕರ್ಟ್ ಹಾಕಿದವಳೂ ತಲೆಬಟ್ಟೆಯವಳೂ ಒಟ್ಟಿಗೆ ಚಹಾ ಕುಡಿಯುತ್ತಾರೆ. ಅಷ್ಟು ದೂರ ಯಾಕೆ, ನಮ್ಮ ಕಾಸರಗೋಡಿನಲ್ಲೇ ನೋಡಿ. ನನ್ನ ಅಜ್ಜಿಯ ಕಾಲದ ಮಾಪಿಳ್ಳೆ ಮುಸ್ಲಿಂ ಹೆಂಗಸರು ಕಾಚಿ ಎಂಬ ಮುಂಡು ಉಟ್ಟು, ಕುಪ್ಪಾಯ ಎಂಬ ಉದ್ದ ತೋಳಿನ ರವಿಕೆ ಹಾಕಿ, ತಲೆಗೊಂದು ತಟ್ಟಂ ಎಂಬ ಬಟ್ಟೆ ಕಟ್ಟುತ್ತಿದ್ದರು. ಈಗಿನವರು ಪರ್ದಾ ಹಾಕುತ್ತಾರೆ, ಕೆಲವರು ಚೂಡಿದಾರ. ಒಂದೇ ಊರಿನಲ್ಲಿ ಇಷ್ಟು ಬದಲಾಗಿದೆ.

ಜಯಕ್ಕ ಹೇಳಿದ್ದನ್ನು ಬಿಡಲು ನನಗೆ ಮನಸ್ಸಿಲ್ಲ. ಅಕ್ಕಾ, ಮಂಗಳೂರು ಬಸ್ಸಿನಲ್ಲಿ ನಾವು ಸೀರೆ ಉಟ್ಟುಕೊಂಡೇ ಹೋಗುತ್ತಿದ್ದೆವು, ಸೆರಗು ಸುತ್ತಿಕೊಂಡು, ಆದರೂ ಹಿಂದಿನಿಂದ ಬರುವ ಕೈ ಬರುತ್ತಲೇ ಇತ್ತು ಅಲ್ವಾ? ವಿಶ್ವಸಂಸ್ಥೆಯ ಮಹಿಳಾ ವಿಭಾಗ 2013ರಲ್ಲಿ ಈಜಿಪ್ಟಿನಲ್ಲಿ ಕೇಳಿ ನೋಡಿದಾಗ 99 ಪ್ರತಿಶತಕ್ಕಿಂತ ಜಾಸ್ತಿ ಹೆಂಗಸರು ಒಂದಲ್ಲ ಒಂದು ರೀತಿಯ ಕಿರುಕುಳ ಆಗಿದೆ ಎಂದರು. ಅಲ್ಲಿ ಹೆಚ್ಚಿನ ಮುಸ್ಲಿಂ ಹೆಂಗಸರು ತಲೆ ಮುಚ್ಚುವವರೇ. ಹಾಗಾಗಿ ಅನುಷಾ, ಬಟ್ಟೆಯನ್ನು ಊರಿನ ಕ್ರಮಕ್ಕೆ ಸರಿಯಾಗಿ ಹಾಕು, ಆದರೆ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ನನ್ನ ಬಟ್ಟೆ ಸರಿ ಇರಲಿಲ್ಲವಾ ಅಂತ ಒಂದು ಗಳಿಗೆಯೂ ಯೋಚಿಸಬೇಡ. ತಪ್ಪು ಮಾಡಿದವನದ್ದು. ಗಟ್ಟಿಯಾಗಿ ಹೇಳು, ಸುತ್ತಲಿನವರನ್ನು ಕರೆ, ಒಮಾನಿನಲ್ಲಿ ಪೊಲೀಸ್ ನಂಬರ್ 9999, ಅಬುಧಾಬಿಯಲ್ಲಿ 999, ಈಗಲೇ ಫೋನಿನಲ್ಲಿ ಹಾಕಿಟ್ಟುಕೋ. ಟ್ಯಾಕ್ಸಿಯಲ್ಲಿ ಹಿಂದಿನ ಸೀಟು.

ಯಾರೂ ಹೇಳದ ಒಂದು ವಿಷಯ ಇದೆ, ನೀರು. ನೀವು ವಾದಿ ಶಾಬ್‌ಗೆ ಹೋಗುತ್ತೀರಿ ಅಂತ ಗೊತ್ತು, ಹುಡುಗಿಯರೆಲ್ಲ ಹೋಗುತ್ತಾರೆ. ವಾದಿ ಅಂದರೆ ಗುಡ್ಡಗಳ ನಡುವಿನ ನೀರಿನ ಕಣಿವೆ. ದೋಣಿಯಲ್ಲಿ ಆಚೆ ದಾಟಿ, ಬಂಡೆಗಳ ಮೇಲೆ ಮುಕ್ಕಾಲು ಗಂಟೆ ನಡೆದು, ಆಮೇಲೆ ಈಜಬೇಕು. ಅಲ್ಲಿಗೆ ಒಮಾನಿ ಕುಟುಂಬಗಳೂ ಬರುತ್ತವೆ, ಬಿಕಿನಿ ಹಾಕಿದರೆ ಅವರಿಗೆ ಮುಜುಗರ, ನಿನಗೂ ನೆಮ್ಮದಿ ಇರುವುದಿಲ್ಲ. ಹಾಗಂತ ಹತ್ತಿಯ ಚೂಡಿದಾರದಲ್ಲಿ ನೀರಿಗೆ ಇಳಿಯಬೇಡ. ಒದ್ದೆಯಾದರೆ ಕಲ್ಲಿನ ಹಾಗೆ ಭಾರ, ಕಾಲಿಗೆ ಸುತ್ತಿಕೊಳ್ಳುತ್ತದೆ, ಬಿಳಿಯದ್ದಾದರೆ ಎಲ್ಲ ಕಾಣುತ್ತದೆ. ಕಪ್ಪು ಅಥವಾ ಕಡು ನೀಲಿಯ ಲೆಗ್ಗಿಂಗ್ಸ್, ಈಜುಡುಗೆಯ ಬಟ್ಟೆಯದ್ದೇ ಉದ್ದ ತೋಳಿನ ಟಾಪ್, ಜಾರದ ಚಪ್ಪಲಿ. ಹೋಟೆಲಿನ ಕೊಳದಲ್ಲಿ ನಿನ್ನಿಷ್ಟದ ಈಜುಡುಗೆ ಹಾಕು, ಅದೇ ಅವತಾರದಲ್ಲಿ ಲಾಬಿಗೆ ಬರಬೇಡ, ಅಷ್ಟೇ. ಮತ್ತೆ, ಮಳೆ ಮೋಡ ಕಂಡರೆ ಆ ದಿನ ವಾದಿಗೆ ಹೋಗಲೇಬೇಡ. ದೂರದ ಗುಡ್ಡದಲ್ಲಿ ಸುರಿದ ಮಳೆ ಗಳಿಗೆಯಲ್ಲಿ ಪ್ರವಾಹವಾಗಿ ಬರುತ್ತದೆ.

ಡಿಸೆಂಬರಿನಲ್ಲಿ ಹಗಲು ಹಿತವಾಗಿರುತ್ತದೆ, ರಾತ್ರಿ ಸ್ವಲ್ಪ ಚಳಿ, ಮಾಲಿನೊಳಗೆ ಎಸಿ ಜಾಸ್ತಿ. ಆ ಹತ್ತಿಯ ಶಾಲು ಅಲ್ಲೂ ಉಪಯೋಗಕ್ಕೆ ಬರುತ್ತದೆ.

ಗೆಳತಿಯ ಅಣ್ಣನೂ ಬರುತ್ತಾನೆ ಎಂದೆಯಲ್ಲ, ಅವನಿಗೂ ಹೇಳು. ಗ್ರೂಪಿನಲ್ಲಿ ಇಷ್ಟು ಜನ ಮಾತಾಡಿದರೂ ಗಂಡಸಿನ ಬಟ್ಟೆಯ ಬಗ್ಗೆ ಒಬ್ಬರೂ ಕೇಳಲಿಲ್ಲ. ಶಾರ್ಟ್ಸ್ ಹಾಕಿಕೊಂಡು ಬಂದರೆ ಅವನನ್ನೂ ಮಸೀದಿಯ ಬಾಗಿಲಲ್ಲೇ ನಿಲ್ಲಿಸುತ್ತಾರೆ, ಬನಿಯನ್ ಥರದ ಟೀ ಶರ್ಟೂ ಆಗುವುದಿಲ್ಲ. ಒಂದು ಉದ್ದ ಪ್ಯಾಂಟ್, ಭುಜ ಮುಚ್ಚುವ ಅಂಗಿ ಹಾಕಿಕೊಂಡೇ ಹೋಟೆಲಿನಿಂದ ಹೊರಡಲಿ.