ಮಗಳನ್ನು ಬ್ಯಾಂಕಾಕ್‌ನ ರಿದಮಿಕ್ ಜಿಮ್ನಾಸ್ಟಿಕ್ಸ್ ಟೂರ್ನಿಗೆ ಕಳಿಸಬೇಕಾ? ಅನುಭವ ಇದ್ದವರು ಹೇಳಿ

ಬನಶಂಕರಿ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳಿಗೆ 10 ವರ್ಷ. ನಾಲ್ಕು ವರ್ಷದಿಂದ ರಿದಮಿಕ್ ಮಾಡುತ್ತಿದ್ದಾಳೆ. ಹೂಪು (ದೊಡ್ಡ ಬಳೆ), ಬಾಲು ಕೈಗೆ ಕೂತಿವೆ, ರಿಬ್ಬನ್ ಈಗಷ್ಟೇ ಶುರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಡಾರಿಯಾ ವರ್ಫೊಲೊಮೇವ್ ಗೆದ್ದಿದ್ದನ್ನು ನೋಡಿದ ಮೇಲಂತೂ ಮನೆಯಲ್ಲಿ ಬೇರೆ ಮಾತೇ ಇಲ್ಲ. ಡಿಸೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಒಂದು ಕ್ಲಬ್ ಟೂರ್ನಿ ಇದೆ, ಬೇರೆ ಬೇರೆ ದೇಶದ ಮಕ್ಕಳು ಬರುತ್ತಾರಂತೆ. ಕೋಚ್ ಖರ್ಚಿನ ಪಾಲೂ ಸೇರಿ 2.3 ಲಕ್ಷ ಆಗುತ್ತದೆ. ಯಜಮಾನರು ಬೇಡ ಅನ್ನುತ್ತಿದ್ದಾರೆ. ಯಾರಾದರೂ ಹೀಗೆ ಹೊರದೇಶಕ್ಕೆ ಕಳಿಸಿದ್ದೀರಾ? ಈ ವಯಸ್ಸಿಗೆ ಬೇಕಾ? ಸರ್ಟಿಫಿಕೇಟು ಮುಂದೆ ಉಪಯೋಗಕ್ಕೆ ಬರುತ್ತದಾ? ಇದೇ 20ರೊಳಗೆ ಹೆಸರು ಕೊಡಬೇಕು.

ಜಯನಗರ 4ನೇ ಬ್ಲಾಕ್
ಅಕ್ಕ, ನಾವು ಹೋಗಿ ಬಂದವರು. 2019ರಲ್ಲಿ. ಮಗಳಿಗೆ ಆಗ 12. ಹೇಳಿದ್ದು 1.6 ಲಕ್ಷ, ಆಗಿದ್ದು 2.84 ಲಕ್ಷ. ಇವತ್ತಿಗೂ ಡೈರಿಯಲ್ಲಿ ಇದೆ, ನೋಡಿಕೊಂಡೇ ಬರೆಯುತ್ತಿದ್ದೇನೆ. ನಮ್ಮಿಬ್ಬರ ಟಿಕೆಟ್ 58 ಸಾವಿರ. ಕೋಚ್ ಟಿಕೆಟ್ಟಿನಲ್ಲಿ ನಮ್ಮ ಪಾಲು 9. ಎಂಟ್ರಿ ಫೀಸು 24. ಹೋಟೆಲ್ ಅವರು ಹೇಳಿದ ಕಡೆಯೇ ಉಳಿಯಬೇಕು, ಐದು ರಾತ್ರಿಗೆ 62. ಎರಡು ಲಿಯೊಟಾರ್ಡ್ (ಮೈಗಂಟುವ ಆಟದ ಡ್ರೆಸ್) 46, ಅದೂ ಹೊಳೆಯುವ ಕಲ್ಲು ಅಂಟಿಸದೆ. ಕಲ್ಲು ನಾನೇ ಅಂಟಿಸಿದೆ, ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಚಿಮುಟದಲ್ಲಿ ಒಂದೊಂದೇ ಎತ್ತಿಟ್ಟು, ಹದಿನೆಂಟು ರಾತ್ರಿ. ಹೊಸ ಕ್ಲಬ್ಸು (ಕೈಯಲ್ಲಿ ತಿರುಗಿಸುವ ಜೋಡಿ ದಂಡ), ಹೂಪು, ರಿಬ್ಬನ್ 31. ಮ್ಯೂಸಿಕ್ ಕಟ್ ಮಾಡಿಸಿ ಹೊಸ ರೊಟೀನ್ ಕೂರಿಸಿದ್ದಕ್ಕೆ 20. ವೀಸಾ, ಇನ್ಶೂರೆನ್ಸ್, ಟ್ಯಾಕ್ಸಿ, ಊಟ 29.

ಉಳಿದ 5 ಸಾವಿರದ ಕಥೆ ಕೇಳಿ. ಹೂಪನ್ನು ವಿಮಾನದ ಒಳಗೆ ಬಿಡಲಿಲ್ಲ. ದುಡ್ಡು ಕಟ್ಟಿಸಿಕೊಂಡು ಲಗೇಜಿಗೆ ಹಾಕಿದರು. ನಾನು ಸುಮ್ನೆ ಒಂದು ಬಟ್ಟೆಯ ಚೀಲದಲ್ಲಿ ಇಟ್ಟಿದ್ದೆ. ಅಲ್ಲಿ ಬೆಲ್ಟಿನ ಮೇಲೆ ಬಂದಾಗ ಮೊಟ್ಟೆ ಆಕಾರ ಆಗಿತ್ತು. ರಾತ್ರಿ 11ಕ್ಕೆ ಹೋಟೆಲ್ ಬಾತ್‌ರೂಮಿನ ಹೇರ್‌ಡ್ರೈಯರ್ ಹಿಡಿದು ಬಿಸಿ ಮಾಡಿ, ಮೊಣಕಾಲಿಗೆ ಒತ್ತಿ ಒತ್ತಿ ಗುಂಡಗೆ ಮಾಡಿದೆ. ಆದರೂ ಉರುಳಿಸಿದರೆ ಎಡಕ್ಕೇ ಎಳೆಯುತ್ತಿತ್ತು. ಮರುದಿನ ಅದೇ ಹೂಪು ಕಾರ್ಪೆಟ್ ದಾಟಿ ಜಡ್ಜ್‌ಗಳ ಟೇಬಲ್ ಕೆಳಗೆ ಹೋಯಿತು. ಅಲ್ಲೇ ಪೂರ್ತಿ 1 ಅಂಕ ಕಟ್. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಅಲೀನಾ ಕಬಾಯೆವಾಗೂ ಹೂಪು ಹೀಗೇ ಹೊರಗೆ ಉರುಳಿ ಚಿನ್ನ ತಪ್ಪಿ ಕಂಚು ಬಂತು, ನಾಲ್ಕು ವರ್ಷ ಬಿಟ್ಟು ಚಿನ್ನ ಗೆದ್ದಳು ಅಂತ ಹೇಳಿ ಸಮಾಧಾನ ಮಾಡಿದೆ. ಮಗಳು 31 ಜನರಲ್ಲಿ 27ನೆಯವಳು.

ಇನ್ನೊಮ್ಮೆ ಕೇಳಿದರೂ ಕಳಿಸುತ್ತೇನೆ. ಯಾಕೆ ಗೊತ್ತಾ? ಇಲ್ಲಿ ಅವಳು ಕಲಿತದ್ದು ಬಾಡಿಗೆಯ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ. ಮೇಲೆ ಫ್ಯಾನು. ಎರಡು ಸಲ ರಿಬ್ಬನ್ ಸುತ್ತಿಕೊಂಡಿತ್ತು. ಅಲ್ಲಿ ಪ್ರಾಕ್ಟೀಸ್ ದಿನ ಅವಳು ಮೊದಲ ಸಲ ತನಗೆ ಬೇಕಾದಷ್ಟು ಎತ್ತರಕ್ಕೆ ಹೂಪು ಎಸೆದಳು. ಎಸೆದು ಹಿಡಿಯೋದನ್ನೇ ಮರೆತು ಮೇಲೆ ನೋಡುತ್ತಾ ನಿಂತಿದ್ದಳು.

ಚಿಕಾಗೊ ಅಪ್ಪ
2.8 ಲಕ್ಷಕ್ಕೆ ಇಷ್ಟು ಬೇಸರ ಪಡಬೇಡಿ ಮೇಡಂ. ನಮ್ಮ ಲೆಕ್ಕ ಕೇಳಿ. ಲೆವೆಲ್ 7ರಲ್ಲಿ ತಿಂಗಳ ಫೀಸು 780 ಡಾಲರ್. ಲಿಯೊಟಾರ್ಡ್ ಒಂದಕ್ಕೆ 650, ವರ್ಷಕ್ಕೆ ಮೂರು. ಮೀಟ್‌ಗಳಿಗೆ ಊರೂರು ತಿರುಗಿದ್ದು 5,400. ರೊಟೀನ್ ಮತ್ತು ಪ್ರೈವೇಟ್ ಪಾಠ 2,400. ಒಂದೇ ವರ್ಷಕ್ಕೆ 19 ಸಾವಿರ ದಾಟಿತು. ಕಾಲ್ಬೆರಳಿಗೆ ಹಾಕುವ ಅರ್ಧ ಶೂ ಇದೆಯಲ್ಲ, ಜೊತೆಗೆ 28 ಡಾಲರ್, ಆರು ವಾರಕ್ಕೆ ತೂತು. ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ.

ದುಡ್ಡು ಹೋಗಲಿ. ಅವಳಿಗೆ 13 ತುಂಬುವಾಗ ಸೊಂಟ ನೋವು ಶುರು ಆಯಿತು. ಕೋಚ್ ಇದು ಬೆಳೆಯುವ ವಯಸ್ಸಿನ ನೋವು ಅಂದರು. ನಾವೂ ನಂಬಿದೆವು, ಯಾಕೆಂದರೆ ರೀಜನಲ್ಸ್ ಎರಡೇ ತಿಂಗಳು ದೂರ ಇತ್ತು. ಒಂದು ದಿನ ಶಾಲೆಯಿಂದ ಬಂದವಳು ಕಾರಿನಿಂದ ಇಳಿಯೋಕೇ ಆಗದೆ ಕೂತಳು. ಎಂಆರ್‌ಐ ಮಾಡಿಸಿದರೆ ಸೊಂಟದ ಎಲ್5 ಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ (ಸಣ್ಣ ಬಿರುಕು), ಎರಡೂ ಕಡೆ. ಮೂರು ತಿಂಗಳು ಬ್ರೇಸ್, ಮಲಗುವಾಗಲೂ. ಆಮೇಲೆ ವಾಪಸ್ ಹೋದಳು, ಹನ್ನೊಂದು ದಿನ. ಬ್ಯಾಕ್ ಬೆಂಡ್ ಮಾಡುವಾಗ ಹೆದರಿ ನಿಂತುಬಿಡುತ್ತಿದ್ದಳು. ಅಲ್ಲಿಗೆ ಬಿಟ್ಟಳು. ಕ್ಲಬ್ಸು ಈಗ ಗರಾಜಿನಲ್ಲಿ ಪೇಂಟ್ ಡಬ್ಬಿ ಹಿಂದೆ ಇವೆ. ಅವಳೇ ಇಟ್ಟಿದ್ದು. ಬ್ಯಾಂಕಾಕ್ ಬಿಡಿ, ಮೊದಲು ಮಗುವಿನ ಸೊಂಟ ತೋರಿಸಿ.

ಮೈಸೂರು ಕುವೆಂಪುನಗರ
ಸರ್, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ 10 ವರ್ಷದ ಮಗುವಿನ ತಾಯಿಗೆ ಹೀಗೆ ಹೆದರಿಸಬೇಡಿ. ಆಟದ ತಪ್ಪಲ್ಲ ಅದು. ನೋವು ಅಂದಾಗ ನಿಲ್ಲಿಸದೆ ಇದ್ದದ್ದು ತಪ್ಪು. ನಮ್ಮ ಮಗಳು 14 ವರ್ಷ ಆಡಿದಳು. ಸೊಂಟಕ್ಕೆ ಏನೂ ಆಗಿಲ್ಲ. ದಿನಾ ಹೊಟ್ಟೆ ಮತ್ತು ಬೆನ್ನಿನ ಬಲಕ್ಕೆ ವ್ಯಾಯಾಮ, ಬಗ್ಗಿದಷ್ಟೇ ಎದುರು ದಿಕ್ಕಿಗೂ. ಹೊರದೇಶಕ್ಕೆ ಒಂದು ಸಲವೂ ಹೋಗಲಿಲ್ಲ. ರಾಜ್ಯ, ನ್ಯಾಷನಲ್ಸ್, ಅಷ್ಟೇ. ಈಗ ಅವಳೇ ಮೂವತ್ತು ಮಕ್ಕಳಿಗೆ ಹೇಳಿಕೊಡುತ್ತಾಳೆ. ಬಾಲ್ ಭುಜದಿಂದ ಭುಜಕ್ಕೆ ಉರುಳುವಾಗ ಒಂದು ಕಡೆಯೂ ಪುಟಿಯಬಾರದು ಅಂತ ಒಂದು ಮಗುವಿಗೆ ನಲವತ್ತು ಸಲ ಹೇಳುತ್ತಾಳೆ. ನನಗೆ ಅದಕ್ಕಿಂತ ದೊಡ್ಡ ಮೆಡಲ್ ಬೇಡ.

ಚಿಕಾಗೊ ಅಪ್ಪ
"ನಿಲ್ಲಿಸದೆ ಇದ್ದದ್ದು ತಪ್ಪು" ಅಂತ ಎಷ್ಟು ಸಲೀಸಾಗಿ ಬರೆದಿರಿ. ಆ ತಪ್ಪು ನನ್ನದು ಅಂತ ನನಗೆ ಗೊತ್ತು, ನೀವು ಹೇಳಬೇಕಿಲ್ಲ. ವಾರಕ್ಕೆ 20 ಗಂಟೆ ಮಾಡಿಸಿ ನೋಡಿ, ಆಮೇಲೆ ಮಾತಾಡಿ.

ಮೈಸೂರು ಕುವೆಂಪುನಗರ
ಮಾಡಿಸಿದ್ದೇವೆ ಸರ್. 18 ಗಂಟೆ. ಮೈಸೂರಿನಲ್ಲೂ ಗಡಿಯಾರ ಓಡುತ್ತದೆ.

ಗದಗ ಕಡೆಯವ
ಎರಡು ಲಕ್ಷ, 19 ಸಾವಿರ ಡಾಲರ್ ಓದಿ ತಲೆ ತಿರುಗಿತು. ನಮ್ಮ ಕಡೆ ಹೆಣ್ಣುಮಕ್ಕಳು ಹಗ್ಗದ ಮಲ್ಲಕಂಬ ಮಾಡುತ್ತಾರೆ. ಒಂದು ಹಗ್ಗ, ಒಂದು ತೊಲೆ, ಕೆಳಗೊಂದು ಹಾಸು. ಕಾಲ್ಬೆರಳ ಸಂದಿಯಲ್ಲಿ ಹಗ್ಗ ಹಿಡಿದು ತಲೆಕೆಳಗಾಗಿ ನಿಲ್ಲುತ್ತಾರೆ. ಖೇಲೋ ಇಂಡಿಯಾದಲ್ಲೂ ಇದೆ. ನನ್ನ ತಂಗಿ ಮಗಳಿಗೆ ಹೆಗಲಿನ ಚರ್ಮ ಸುಲಿದು ಗಾಯ ಆಗಿತ್ತು, ಅರಿಶಿನ ಹಚ್ಚಿಕೊಂಡು ಮರುದಿನ ಮತ್ತೆ ಹಗ್ಗ ಹತ್ತಿದಳು. ನಮ್ಮದನ್ನು ಬಿಟ್ಟು ಅವರ ರಿಬ್ಬನ್ ಯಾಕೆ?

ಜಯನಗರ 4ನೇ ಬ್ಲಾಕ್
ಅಣ್ಣ, ಮಲ್ಲಕಂಬಕ್ಕೆ ನಮಸ್ಕಾರ. ಆದರೆ ಮಗು ಇಷ್ಟಪಟ್ಟಿದ್ದು ಇದನ್ನು. ನಮ್ಮದು, ಅವರದು ಅಂತ ಆರು ವರ್ಷದ ಮಗು ನೋಡಿ ಆರಿಸುತ್ತದಾ?

ಮಲ್ಲೇಶ್ವರ ಅಜ್ಜಿ
ಭರತನಾಟ್ಯ ಕಲಿಸಬಹುದಿತ್ತು. ಮೈ ಬಾಗುತ್ತದೆ, ತಾಳ ಬರುತ್ತದೆ, ಮದುವೆಯಾದ ಮೇಲೂ ಕೈಬಿಡುವುದಿಲ್ಲ. ಇದು 20ಕ್ಕೆ ಮುಗಿದುಹೋಗುವ ಆಟ.

ಜಯನಗರ 4ನೇ ಬ್ಲಾಕ್
ಅಮ್ಮ, ದೊಡ್ಡ ಮಗಳ ರಂಗಪ್ರವೇಶ ಮಾಡಿಸಿದ್ದೇನೆ. ಹಾಲ್ ಬಾಡಿಗೆ, ಹಿಮ್ಮೇಳ, ಮೂರು ಸೀರೆ ಡ್ರೆಸ್, ಗುರುಗಳಿಗೆ ತಟ್ಟೆ, ಬಂದವರಿಗೆ ಊಟ, ಎಲ್ಲ ಸೇರಿ 6 ಲಕ್ಷ. ಆಗ ಯಾರೂ ಯಾಕೆ ಅಂತ ಕೇಳಲಿಲ್ಲ. ಚಿಕ್ಕವಳ ಹೂಪಿಗೆ ಮಾತ್ರ ಎಲ್ಲರೂ ಕೇಳುತ್ತಾರೆ.

ಠಾಣೆ ಹುಬ್ಬಳ್ಳಿ
ನಾವು ಹುಬ್ಬಳ್ಳಿಯವರು, ಠಾಣೆಯಲ್ಲಿ 15 ವರ್ಷ. ಬೇಜಾರಾಗಬೇಡಿ, ರಿದಮಿಕ್ ಬೇಕು ಅಂದರೆ ಇಲ್ಲಿಗೆ ಬನ್ನಿ. ಸಂಯುಕ್ತಾ ಕಾಳೆ ಇಲ್ಲಿಯವಳೇ, ಪಂಚಕುಲಾದ ಖೇಲೋ ಇಂಡಿಯಾದಲ್ಲಿ ಐದು ಚಿನ್ನ ತಂದಳು. ಇಲ್ಲಿ ಒಂದು ಮಗು ತಪ್ಪು ಮಾಡಿದರೆ ಪಕ್ಕದಲ್ಲಿ ಹತ್ತು ಮಕ್ಕಳು ಸರಿಯಾಗಿ ಮಾಡುತ್ತಿರುತ್ತವೆ, ನೋಡಿಯೇ ಕಲಿಯುತ್ತವೆ. ಇದೇ ಕಾರಣಕ್ಕೆ ನಾನು ಬೆಂಗಳೂರಿಗೆ ಸಿಕ್ಕ ಟ್ರಾನ್ಸ್‌ಫರ್ ಬಿಟ್ಟೆ. ಎರಡು ವರ್ಷ ಪ್ರಮೋಷನ್ ತಪ್ಪಿತು. ಮನೆಯವರು ಇನ್ನೂ ಅದನ್ನೇ ಹೇಳುತ್ತಾರೆ.

ಕಾಮನ್‌ವೆಲ್ತ್ ಕನಸು ಮಾತ್ರ ಸದ್ಯಕ್ಕೆ ಬೇಡ. 2018ರ ಗೋಲ್ಡ್ ಕೋಸ್ಟ್‌ಗೆ ಹೈದರಾಬಾದಿನ ಮೇಘನಾ ರೆಡ್ಡಿ ಹೋದಳು, 2022ರ ಬರ್ಮಿಂಗ್‌ಹ್ಯಾಮ್‌ಗೆ ಜಮ್ಮುವಿನ ಬವ್ಲೀನ್ ಕೌರ್. 2026ರ ಗ್ಲಾಸ್ಗೋ ಪಟ್ಟಿಯಲ್ಲಿ ರಿದಮಿಕ್ಕೇ ಇಲ್ಲ, ಆರ್ಟಿಸ್ಟಿಕ್ (ಬಾರು, ಬೀಮಿನ ಜಿಮ್ನಾಸ್ಟಿಕ್ಸ್) ಮಾತ್ರ. ನಮ್ಮ ಮಕ್ಕಳಿಗೆ ಇದ್ದ ಒಂದು ದೊಡ್ಡ ಬಾಗಿಲು ಅದು. ಆ ಸುದ್ದಿ ಓದಿದ ದಿನ ಮಗಳು ಊಟ ಮಾಡಲಿಲ್ಲ.

ಸ್ಟುಟ್‌ಗಾರ್ಟ್ ರಾಯರು
ವರ್ಫೊಲೊಮೇವ್ ಹೆಸರು ಬಂತು ಅಂತ ಬರೆಯುತ್ತಿದ್ದೇನೆ. ಅವಳು ಅಭ್ಯಾಸ ಮಾಡುವ ಶ್ಮಿಡೆನ್ ನಮ್ಮ ಮನೆಯಿಂದ ದೂರ ಇಲ್ಲ. ಸೈಬೀರಿಯಾದ ಬರ್ನೌಲ್ ಊರು ಬಿಟ್ಟು ಬಂದಾಗ ಅವಳಿಗೆ 12. ಭಾಷೆ ಬರುತ್ತಿರಲಿಲ್ಲ. 2023ರ ವೆಲೆನ್ಸಿಯಾ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಐದಕ್ಕೆ ಐದೂ ಚಿನ್ನ. ನಮ್ಮ ಮಗಳು ಊರಿನ ಸಣ್ಣ ಕ್ಲಬ್ಬಿನಲ್ಲಿ ಆಡುತ್ತಾಳೆ. ವರ್ಷಕ್ಕೆ 240 ಯೂರೊ ಅಷ್ಟೇ, ಆದರೆ ನಾವೇ ಕಾರ್ಪೆಟ್ ಸುತ್ತಬೇಕು, ಹಾಸಬೇಕು, ಟೂರ್ನಿ ದಿನ ಕೇಕ್ ಮಾಡಿ ಮಾರಬೇಕು. 13 ಮೀಟರ್ ಕಾರ್ಪೆಟ್ ಸುತ್ತಿ ಸುತ್ತಿ ನನ್ನ ಭುಜ ಹೋಗಿದೆ. ಅಂಕದಲ್ಲೂ ಇಲ್ಲಿ ಮೋಸ ಇಲ್ಲ, ಆಡಿದ್ದಕ್ಕೆ ಸಿಗುತ್ತದೆ.

ಚಿಕಾಗೊ ಅಪ್ಪ
ಅಂಕದಲ್ಲಿ ಮೋಸ ಇಲ್ಲವಾ? ಟೋಕಿಯೊ ಒಲಿಂಪಿಕ್ಸ್ ಮರೆತಿರಾ? ಇಸ್ರೇಲಿನ ಲಿನೋಯ್ ಅಶ್ರಾಮ್ ಕೈಯಿಂದ ರಿಬ್ಬನ್ ಬಿತ್ತು, ಚಿನ್ನ ಅವಳಿಗೆ. ಒಂದೂ ಬೀಳಿಸದ ರಷ್ಯಾದ ದೀನಾ ಅವೇರಿನಾಗೆ ಬೆಳ್ಳಿ. 107.800, 107.650. ಬರೀ 0.150 ಅಂತರ. ಆ ರಾತ್ರಿ ನನ್ನ ಮಗಳು ಅತ್ತಳು.

ಸ್ಟುಟ್‌ಗಾರ್ಟ್ ರಾಯರು
ಬಿದ್ದಿದ್ದಕ್ಕೆ ಅಂಕ ಕತ್ತರಿಸಿದರು ಸರ್. ಅಶ್ರಾಮ್ ಕಷ್ಟದ ಅಂಶ ಜಾಸ್ತಿ ಹಾಕಿಕೊಂಡಿದ್ದಳು, ಹೂಪು, ಕ್ಲಬ್ಸಿನಲ್ಲಿ ಮುಂದಿದ್ದಳು. ಸಿಡ್ನಿಯಿಂದ ರಿಯೊವರೆಗೆ ಐದು ಸಲವೂ ವೈಯಕ್ತಿಕ ಚಿನ್ನ ರಷ್ಯಾದ್ದೇ. ಒಂದು ಸಲ ಬೇರೆಯವರು ಗೆದ್ದ ಕೂಡಲೇ ಮೋಸ ಅನ್ನುವುದು ಸರಿಯಲ್ಲ. ಅವೇರಿನಾ ಕಡೆಯವರು ಆಕ್ಷೇಪ ಹಾಕಿದರು, ನಿಲ್ಲಲಿಲ್ಲ.

ಚಿಕಾಗೊ ಅಪ್ಪ
ಬೀಳಿಸಿದರೂ ಗೆಲ್ಲಬಹುದು ಅಂದರೆ ಮಕ್ಕಳಿಗೆ ಇನ್ನೂ ಎತ್ತರ ಎಸೆ, ಇನ್ನೂ ಬಗ್ಗು ಅಂತಲೇ ಹೇಳುತ್ತಾರೆ. ಆ ಕಷ್ಟದ ಅಂಕದ ಓಟದಲ್ಲೇ ನಮ್ಮ ಹುಡುಗಿಯ ಎಲ್5 ಹೋಗಿದ್ದು. ನಿಮಗೆ ಅದು ನಿಯಮ. ನನಗೆ ಅಲ್ಲ.

ಮಾಜಿ ಜಿಮ್ನಾಸ್ಟ್, 24
ಇಲ್ಲಿ ಎಲ್ಲರೂ ಅಪ್ಪ ಅಮ್ಮಂದಿರೇ. ಆಡಿದವಳು ನಾನೊಬ್ಬಳೇ ಅನಿಸುತ್ತದೆ, ಅದಕ್ಕೇ ಬರೆಯುತ್ತೇನೆ. 14ನೇ ವಯಸ್ಸಿಗೆ ವಿದೇಶದ ಕ್ಯಾಂಪಿಗೆ ಮೂರು ವಾರ ಹೋಗಿದ್ದೆ. ದಿನಾ ಬೆಳಗ್ಗೆ ತೂಕ. ಎಲ್ಲರ ಮುಂದೆ ಜೋರಾಗಿ ಓದುತ್ತಿದ್ದರು. ನಾನು 43.2 ಇದ್ದೆ, ಆ ಸಂಖ್ಯೆ ಇನ್ನೂ ಮರೆತಿಲ್ಲ. ಸಂಜೆಯ ನೀರನ್ನೂ ಬಿಟ್ಟೆ. ಅಮ್ಮ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳುತ್ತಿದ್ದಳು, ಆಯ್ತು ಅನ್ನುತ್ತಿದ್ದೆ. 2022ರಲ್ಲಿ ಇಟಲಿಯ ನೀನಾ ಕೊರಾಡಿನಿ ರಾಷ್ಟ್ರೀಯ ಶಿಬಿರದಲ್ಲಿ ತೂಕದ ಹೆಸರಲ್ಲಿ ನಡೆದ ಅವಮಾನವನ್ನು ಬಹಿರಂಗವಾಗಿ ಹೇಳಿದಾಗ, ಆ ಸುದ್ದಿಯನ್ನು ಅಮ್ಮನಿಗೆ ಓದಿ ಹೇಳಿದೆ. ಎಂಟು ವರ್ಷದ ಮೇಲೆ ಅವತ್ತು ಮೊದಲ ಸಲ ನಿಜ ಹೇಳಿದ್ದು. ಬನಶಂಕರಿ ಅಕ್ಕ, ಎಲ್ಲಿಗಾದರೂ ಕಳಿಸಿ, ಒಬ್ಬಳನ್ನೇ ಕಳಿಸಬೇಡಿ. ಒಂದೇ ರೂಮಿನಲ್ಲಿ ನೀವೂ ಇರಿ.

ಠಾಣೆ ಹುಬ್ಬಳ್ಳಿ
ಎಲ್ಲ ಕೋಚ್‌ಗಳೂ ಹಾಗಿರುವುದಿಲ್ಲ ತಂಗಿ.

ಮಾಜಿ ಜಿಮ್ನಾಸ್ಟ್, 24
ಎಲ್ಲರೂ ಹಾಗೆ ಅಂತ ನಾನು ಹೇಳಿಲ್ಲ ಸರ್. ಮತ್ತೊಮ್ಮೆ ಓದಿ.

ಬನಶಂಕರಿ ಅಮ್ಮ
ಎಲ್ಲರಿಗೂ ಧನ್ಯವಾದ. ಟೋಕಿಯೊ ಜಗಳ ದಯವಿಟ್ಟು ಬೇರೆ ಕಡೆ ಮಾಡಿ. ಸರ್ಟಿಫಿಕೇಟು ಸ್ಪೋರ್ಟ್ಸ್ ಕೋಟಾಕ್ಕೆ ಬರುತ್ತದಾ ಅಂತ ಇನ್ನೂ ಯಾರೂ ಹೇಳಲಿಲ್ಲ. ಹೋದರೆ ನಾನೂ ಹೋಗುವುದು ಅಂತ ಯಜಮಾನರಿಗೆ ಹೇಳಿದ್ದೇನೆ. ಟಿಕೆಟ್ ಇನ್ನೊಂದು ಜಾಸ್ತಿ ಆಯಿತು, ಅವರು ಮಾತು ಬಿಟ್ಟಿದ್ದಾರೆ.

ಮೈಸೂರು ಕುವೆಂಪುನಗರ
ಕ್ಲಬ್ ಟೂರ್ನಿಯ ಸರ್ಟಿಫಿಕೇಟಿಗೆ ನಮಗೆ ಏನೂ ಸಿಗಲಿಲ್ಲ. ಮಗಳ ಜೊತೆಯವಳು ಮಲೇಷ್ಯಾದಿಂದ ಎರಡು ಮೆಡಲ್ ತಂದಿದ್ದಳು. ಕೋಟಾ ಕೌಂಟರಿನಲ್ಲಿ ರಾಜ್ಯದ್ದು, ನ್ಯಾಷನಲ್ಸ್‌ದು ಇದ್ದರೆ ಕೊಡಿ ಅಂದರು, ಆ ಹಾಳೆಗಳನ್ನು ಪಕ್ಕಕ್ಕೆ ಇಟ್ಟರು. ಸರ್ಟಿಫಿಕೇಟಿಗೆ ಅಂತ ಹೋಗಬೇಡಿ. ಮತ್ತೆ ಚಿಕಾಗೊ ಸರ್, ನಿಮ್ಮ ಮಗಳು ಈಗ ಹೇಗಿದ್ದಾಳೆ? ನಾನು ಬರೆದದ್ದು ಒರಟಾಯಿತು.

ಚಿಕಾಗೊ ಅಪ್ಪ
ನಡೆಯುತ್ತಾಳೆ, ಈಜುತ್ತಾಳೆ. ಪ್ಯಾರಿಸ್ ಫೈನಲ್ ನೋಡೋಣ ಅಂದೆ, ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಇಟಲಿಯ ಸೋಫಿಯಾ ರಫಾಯೆಲಿ ಆಡಲು ಬಂದಾಗ ಮೆಟ್ಟಿಲ ಮೇಲೆ ಬಂದು ಕೂತು ನೋಡಿದಳು.

ಜಯನಗರ 4ನೇ ಬ್ಲಾಕ್
ಬನಶಂಕರಿ ಅಕ್ಕ, ಹೂಪ್ ಬ್ಯಾಗ್ ಹೊಸದು ತೆಗೆದುಕೊಳ್ಳಬೇಡಿ. ನನ್ನ ಹತ್ತಿರ ಇದೆ, ಗಟ್ಟಿ ಅಂಚಿನದು, ಎರಡು ಹೂಪು ಹಿಡಿಯುತ್ತದೆ. ಬ್ಯಾಂಕಾಕ್‌ನಿಂದ ಬಂದ ವಾರವೇ 4,200 ಕೊಟ್ಟು ತೆಗೆದುಕೊಂಡಿದ್ದು. ಆಮೇಲೆ ಕೊರೊನಾ ಬಂತು, ಅವಳಿಗೆ ಹತ್ತನೇ ಕ್ಲಾಸು ಬಂತು, ಅದು ಒಂದು ಸಲವೂ ವಿಮಾನ ಹತ್ತಲಿಲ್ಲ. ದುಡ್ಡು ಬೇಡ. ಭಾನುವಾರ ಹತ್ತರ ಮೇಲೆ ಮನೆಯಲ್ಲಿರುತ್ತೇವೆ, ಮಗಳನ್ನೂ ಕರೆದುಕೊಂಡು ಬನ್ನಿ. ಒಳಗೆ ಗುಲಾಬಿ ಬಣ್ಣದ ಹೂಪ್ ಟೇಪ್ ಒಂದು ರೋಲ್ ಇದೆ, ಅದೂ ನಿಮಗೇ.